ಮೆನು ಓದುತ್ತದೆ, ನೋಟ್ಸ್ ಓದುವುದಿಲ್ಲ!

ಅಮ್ಮಾ, ನಿಮ್ಮ ದೃಷ್ಟಿಹೀನ ಮಗಳು ಬಳಸುವ ಗ್ರಂಥಾಲಯದ ಕಂಪ್ಯೂಟರ್ ಕೆಟ್ಟಿಲ್ಲ. ಪರದೆ ಓದುವ ತಂತ್ರಾಂಶ ಎನ್‌ವಿಡಿಎ ಮೆನುಗಳನ್ನೆಲ್ಲ ಸರಿಯಾಗಿ ಓದಿ, ಕನ್ನಡ ನೋಟ್ಸ್ ತೆರೆದ ಕೂಡಲೇ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತದೆ ಎಂದಿದ್ದೀರಿ. ಅದು ಬಹುಶಃ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನ ಕಡತ. ನಿಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಎಬಿಸಿಡಿ. ಯೂನಿಕೋಡ್‌ಗೆ ಪರಿವರ್ತಿಸಿ, ಧ್ವನಿಯನ್ನು ಕನ್ನಡಕ್ಕೆ ಬದಲಿಸಿದರೆ ಅದೇ ಪುಟ ಮಾತಾಡುತ್ತದೆ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ.

ಸ್ಕ್ಯಾನ್ ಮಾಡಿದ ಪುಸ್ತಕದ ಕಥೆ ಬೇರೆ. ಅದು ಬರೀ ಚಿತ್ರ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್ ಬೇಕು. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ, ಪಠ್ಯ ಬರುತ್ತದೆ. ಒತ್ತಕ್ಷರಗಳಲ್ಲಿ ಎಡವುವುದುಂಟು, ಸಹಪಾಠಿಯೊಬ್ಬರು ತಿದ್ದಿಕೊಡಲಿ.

ಕಾಪಿರೈಟ್ ಎಂದು ಹೆದರುವ ಗ್ರಂಥಪಾಲಕರಿಗೆ 2012ರ ಕಾನೂನು ತಿದ್ದುಪಡಿ ತೋರಿಸಿ. ಅಂಗವಿಕಲರಿಗಾಗಿ, ಲಾಭದಾಸೆಯಿಲ್ಲದೆ, ಅವರು ಓದಬಲ್ಲ ಪ್ರತಿ ಮಾಡಲು ಯಾರ ಅಪ್ಪಣೆಯೂ ಬೇಡ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯದ ಇಂಥ ಪ್ರತಿಗಳ ಆನ್‌ಲೈನ್ ಸಂಗ್ರಹಕ್ಕೂ ಮಗಳ ಹೆಸರು ನೋಂದಾಯಿಸಿ.

ದುಬಾರಿ ಯಂತ್ರ ಕೊಡಿಸಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆಯುತ್ತೀರಂತೆ. ಸದ್ಯಕ್ಕೆ ಬೇಡ. ಇನ್ನು ಮುಂದೆ ನೋಟ್ಸನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಕೊಡಿ ಎಂದು ಮೊದಲು ಅಧ್ಯಾಪಕರನ್ನು ಕೇಳಿ.