ಸದ್ದು ನುಡಿಯಾದ ಬಗೆ

ಭಾಷೆಯಲ್ಲಿರುವ ಶಬ್ದಗಳಿಗೂ ಅವು ಸೂಚಿಸುವ ವಸ್ತುಗಳಿಗೂ ಸಾಮಾನ್ಯವಾಗಿ ಹುಟ್ಟಿನ ಸಂಬಂಧವಿರುವುದಿಲ್ಲ. ಕನ್ನಡಿಗರು ‘ನೀರು’ ಎನ್ನುವುದನ್ನು ಮರಾಠಿಗರು ‘ಪಾಣಿ’ ಎನ್ನುತ್ತಾರೆ. ಇಂಗ್ಲಿಷರು ‘ವಾಟರ್’ ಎನ್ನುತ್ತಾರೆ. ಈ ಮೂರು ಹೆಸರುಗಳಲ್ಲಿ ಯಾವುದೂ ನೀರಿನ ಗುಣವನ್ನು ತನ್ನೊಳಗೆ ಇರಿಸಿಕೊಂಡಿಲ್ಲ. ಆಯಾ ಜನ ಒಪ್ಪಿ ಬಳಸುತ್ತ ಬಂದುದರಿಂದಲೇ ಅವುಗಳಿಗೆ ಅರ್ಥ ಬಂದಿದೆ. ಆದರೆ ಅದೇ ನೀರು ಹಳ್ಳದಲ್ಲಿ ‘ಜುಳುಜುಳು’ ಎಂದು ಹರಿಯುತ್ತದೆ. ಕಿರಿದಾದ ಬಾಯಿಯ ತಂಬಿಗೆಯಿಂದ ‘ಬುಳುಬುಳು’ ಎಂದು ಸುರಿಯುತ್ತದೆ. ಮಳೆಯಾಗಿ ‘ಪಟಪಟ’ನೆ ಬೀಳುತ್ತದೆ. ಇಲ್ಲಿ ಮಾತ್ರ ಶಬ್ದವು ವಸ್ತುವಿನ ದನಿಯನ್ನೇ ಹಿಡಿದು ನುಡಿಯಲು ಯತ್ನಿಸುತ್ತದೆ. ಹೀಗೆ ಕಿವಿಗೆ ಬಿದ್ದ ಸದ್ದನ್ನು ಬಾಯಿಂದ ಅನುಕರಿಸಿದಾಗ ಹುಟ್ಟುವ ಶಬ್ದಗಳೇ ಅನುಕರಣ ಶಬ್ದಗಳು.

ಕನ್ನಡದ ವೈಯಾಕರಣರು ಇವುಗಳನ್ನು ಬಹು ಹಿಂದೆಯೇ ಗಮನಿಸಿದ್ದರು. ಹದಿಮೂರನೆಯ ಶತಮಾನದಲ್ಲಿದ್ದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ಅವ್ಯಯ ಪ್ರಕರಣದಲ್ಲಿ ಇವುಗಳಿಗೆ ಎಡೆಗೊಟ್ಟಿದ್ದಾನೆ. ಲಿಂಗ, ವಚನ, ವಿಭಕ್ತಿಗಳಿಂದ ರೂಪಭೇದ ಹೊಂದದಿರುವುದರಿಂದ ಇವು ಅವ್ಯಯಗಳು. ಇವುಗಳನ್ನು ದ್ವಿರುಕ್ತಿಯೊಡನೆ ಬೆರೆಸಬಾರದು. ‘ಬೇಗಬೇಗ’ ಎಂಬಲ್ಲಿ ‘ಬೇಗ’ ಎಂಬ ಒಂದೇ ಮಾತಿಗೂ ಅರ್ಥವುಂಟು. ಅದನ್ನು ಎರಡು ಸಲ ಹೇಳಿದುದರಿಂದ ಅವಸರ ಹೆಚ್ಚಿತು, ಅಷ್ಟೆ. ‘ಜುಳುಜುಳು’ ಎಂಬಲ್ಲಿ ‘ಜುಳು’ ಎಂಬುದನ್ನು ಬೇರ್ಪಡಿಸಿದರೆ ಅದು ಏನನ್ನೂ ಹೇಳದು. ಹರಿಯುವ ನೀರಿನ ಸದ್ದು ಎಡೆಬಿಡದೆ ಮರುಕಳಿಸುವಂತೆ ಆ ಶಬ್ದವೂ ಮರುಕಳಿಸಬೇಕು. ಒಮ್ಮೆ ಮಾತ್ರ ಕೇಳಿ ನಿಲ್ಲುವ ಸದ್ದಿಗೆ ‘ಧೊಪ್ಪನೆ’, ‘ಥಟ್ಟನೆ’, ‘ಗಕ್ಕನೆ’ ಎಂಬಂಥ ಒಂಟಿ ರೂಪಗಳೇ ಇವೆ.

ಕನ್ನಡವು ಈ ಶಬ್ದಗಳನ್ನು ಹಾಗೆಯೇ ಬಿಡದೆ ಬಗೆಬಗೆಯಾಗಿ ಬೆಳೆಸಿಕೊಂಡಿದೆ. ‘ಗುಟ್ಟು’ ಎಂಬುದನ್ನು ಸೇರಿಸಿದರೆ ‘ಪಿಸುಗುಟ್ಟು’, ‘ಲೊಚಗುಟ್ಟು’ ಎಂಬ ಕ್ರಿಯಾಪದಗಳಾಗುತ್ತವೆ. ‘ಭೋರ್’ ಎಂಬ ದನಿಗೆ ‘ಕರೆ’ ಎಂಬುದು ಸೇರಿದಾಗ ಕಕಾರಕ್ಕೆ ಗಕಾರ ಬಂದು ‘ಭೋರ್ಗರೆ’ ಎಂದಾಗುತ್ತದೆ. ಮಳೆಗಾಲದಲ್ಲಿ ಆಲಮಟ್ಟಿ ಅಣೆಕಟ್ಟಿನ 26 ಗೇಟುಗಳಿಂದ ಕೃಷ್ಣೆಯ ನೀರನ್ನು ಬಿಟ್ಟಾಗ ಕಾಣುವ ನೋಟವನ್ನು ಬಣ್ಣಿಸಲು ಈ ಮಾತಿಗಿಂತ ತಕ್ಕ ಮಾತು ಸಿಕ್ಕುವುದು ಕಷ್ಟ.

ಇಂಗ್ಲಿಷ್ ಭಾಷೆಯಲ್ಲಿಯೂ ಇಂಥ ಶಬ್ದಗಳು ಹಲವಿವೆ. ಅವುಗಳಲ್ಲಿ ಇಂದು ಕನ್ನಡಿಗರ ನಾಲಗೆಯ ಮೇಲೂ ಓಡಾಡುತ್ತಿರುವ ‘ಕ್ಲಿಕ್’ ಎಂಬುದರ ಚರಿತ್ರೆ ಗಮನಾರ್ಹವಾದುದು. ಹದಿನಾರನೆಯ ಶತಮಾನದ ಕೊನೆಯ ಭಾಗದಿಂದ ಈ ಶಬ್ದವು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಗಟ್ಟಿಯಾದ ಎರಡು ಚಿಕ್ಕ ವಸ್ತುಗಳು ಮೆಲ್ಲಗೆ ತಾಗಿದಾಗ ಹೊರಡುವ ಚುಟುಕಾದ ಸದ್ದೇ ಅದರ ಮೊದಲ ಅರ್ಥ. ಬಾಗಿಲ ಚಿಲಕ, ಬೀಗದ ಒಳಗಿನ ಕೀಲು, ಯಂತ್ರದ ಹಲ್ಲು ಇವೆಲ್ಲವೂ ಹಾಗೆ ಸದ್ದು ಮಾಡುತ್ತಿದ್ದವು. ಛಾಯಾಚಿತ್ರದ ಪೆಟ್ಟಿಗೆ ಬಂದಾಗ ಅದರ ಕಿಂಡಿ ತೆರೆದು ಮುಚ್ಚುವ ಸದ್ದಿಗೂ ಇದೇ ಹೆಸರು ಸಂದಿತು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಅಮೆರಿಕದ ಎಂಜಿನಿಯರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಗಣಕಯಂತ್ರದ ‘ಮೌಸ್’ ಎಂಬ ಉಪಕರಣವನ್ನು ನೆರೆದವರ ಮುಂದೆ ಪ್ರದರ್ಶಿಸಿದನು. ಮುಂದೆ ಅದು ಮನೆಮಾತಾದಾಗ ಅದರ ಗುಂಡಿಯನ್ನು ಒತ್ತುವುದಕ್ಕೂ ‘ಕ್ಲಿಕ್’ ಎಂಬ ಮಾತೇ ನಿಂತಿತು.

ಕನ್ನಡವು ಈ ಶಬ್ದವನ್ನು ಪಡೆದು, ಅದಕ್ಕೆ ತನ್ನ ‘ಇಸು’ ಪ್ರತ್ಯಯವನ್ನು ಹಚ್ಚಿ, ‘ಕ್ಲಿಕ್ಕಿಸು’ ಎಂಬ ಹೊಸ ಕ್ರಿಯಾಪದವನ್ನು ಮಾಡಿಕೊಂಡಿದೆ. ‘ಕ್ಲಿಕ್ಕಿಸಿದ ಚಿತ್ರ’ ಎಂದು ಪತ್ರಿಕೆಗಳು ಬರೆಯುತ್ತವೆ. ಇಲ್ಲೊಂದು ಸೋಜಿಗವಿದೆ. ಇಂದಿನ ಫೋನುಗಳಲ್ಲಿ ತೆರೆದು ಮುಚ್ಚುವ ಕಿಂಡಿಯಿಲ್ಲ. ಕೇಳುವ ಸದ್ದು ಯಂತ್ರದಲ್ಲಿ ತುಂಬಿಟ್ಟ ಕೃತಕ ಸದ್ದು. ಅದನ್ನು ಅಡಗಿಸಿದರೂ ಚಿತ್ರ ಬರುತ್ತದೆ, ‘ಕ್ಲಿಕ್ಕಿಸಿದೆ’ ಎಂಬ ಮಾತೂ ಉಳಿಯುತ್ತದೆ. ಸದ್ದಿನಿಂದ ಹುಟ್ಟಿದ ನುಡಿಯು ಸದ್ದು ಅಳಿದ ಮೇಲೂ ಬದುಕಬಲ್ಲದು.

ಇಂಗ್ಲಿಷಿನ ‘ಕ್ಲಿಕ್’ ಸೂಚಿಸುವ ಸದ್ದುಗಳಲ್ಲೊಂದನ್ನು ಕನ್ನಡಿಗರು ತಮ್ಮ ಗೋಡೆಯ ಮೇಲೆಯೇ ಕೇಳಿ ಹೆಸರಿಟ್ಟಿದ್ದರು. ಹಲ್ಲಿಯು ‘ಲೊಚಗುಟ್ಟುತ್ತದೆ’. ಮನುಷ್ಯನೂ ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಸೆಳೆದು ಅಂಥದೇ ದನಿಯನ್ನು ಹೊರಡಿಸಬಲ್ಲನು. ಕನ್ನಡದಲ್ಲಿ ಆ ದನಿಯು ಮರುಕವನ್ನು ತೋರಲು, ಎತ್ತುಗಳನ್ನು ಹುರಿದುಂಬಿಸಲು ಬಳಕೆಯಾಗುತ್ತದೆಯೇ ಹೊರತು ಶಬ್ದಗಳೊಳಗೆ ಅಕ್ಷರವಾಗಿ ಸೇರಿಲ್ಲ. ಆದರೆ ದಕ್ಷಿಣ ಆಫ್ರಿಕದ ಜೂಲು, ಖೋಸಾ ಮೊದಲಾದ ಭಾಷೆಗಳಲ್ಲಿ ಅದೇ ದನಿಯು ವ್ಯಂಜನವಾಗಿದೆ. ಒಂದು ನಾಡಿನಲ್ಲಿ ಎತ್ತಿಗೆ ಕೊಡುವ ಸೂಚನೆ ಇನ್ನೊಂದು ನಾಡಿನಲ್ಲಿ ಮಾತಿನ ಅಂಗವಾಗಿರುವುದು ಭಾಷೆಯ ವೈಚಿತ್ರ್ಯ.

ಸದ್ದು ಒಂದೇ ಆದರೂ ಎಲ್ಲರ ಕಿವಿಯೂ ಅದನ್ನು ಒಂದೇ ಬಗೆಯಾಗಿ ಹಿಡಿಯುವುದಿಲ್ಲ. ಇಂಡಿಯ ಹುಂಜವೂ ಲಂಡನ್ನಿನ ಹುಂಜವೂ ಕೂಗುವ ಕೂಗು ಒಂದೇ. ಆದರೆ ಕನ್ನಡದಲ್ಲಿ ಅದು ‘ಕೊಕ್ಕೊಕ್ಕೋ’, ಇಂಗ್ಲಿಷಿನಲ್ಲಿ ‘ಕಾಕ್-ಎ-ಡೂಡ್ಲ್-ಡೂ’, ಫ್ರೆಂಚಿನಲ್ಲಿ ‘ಕೊಕೊರಿಕೊ’, ಜಪಾನಿನಲ್ಲಿ ‘ಕೊಕೆಕೊಕ್ಕೋ’. ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ಕೂಗಿದವನಿಗೆ ಅವನ ದನಿಯೇ ಮತ್ತೆ ಮತ್ತೆ ಮರಳಿ ಬರುತ್ತದೆ. ಗುಮ್ಮಟವು ಕೇಳಿದುದನ್ನು ಕೇಳಿದ ಹಾಗೆಯೇ ಒಪ್ಪಿಸುತ್ತದೆ. ಭಾಷೆಯು ಹಾಗಲ್ಲ, ತನ್ನಲ್ಲಿರುವ ಸ್ವರ ವ್ಯಂಜನಗಳಲ್ಲಿ ಆ ಸದ್ದಿಗೆ ಹತ್ತಿರವಾದುವನ್ನು ಆರಿಸಿಕೊಂಡು, ಅದಕ್ಕೆ ತನ್ನದೇ ಆದ ರೂಪ ಕೊಡುತ್ತದೆ. ಅನುಕರಣವೆಂದರೆ ಕುರುಡು ಮಾರ್ದನಿಯಲ್ಲ. ಅದೂ ಒಂದು ಸೃಷ್ಟಿ.

ಮಾನವನ ಭಾಷೆಯೆಲ್ಲ ಹೀಗೆ ಪ್ರಾಣಿಗಳ ಮತ್ತು ಪ್ರಕೃತಿಯ ದನಿಗಳ ಅನುಕರಣದಿಂದಲೇ ಹುಟ್ಟಿತೆಂದು ಹಿಂದೆ ಕೆಲವರು ವಾದಿಸಿದ್ದರು. ಪ್ರಸಿದ್ಧ ಸಂಸ್ಕೃತ ವಿದ್ವಾಂಸನಾದ ಮ್ಯಾಕ್ಸ್ ಮುಲ್ಲರನು 1861ರಲ್ಲಿ ತನ್ನ ಉಪನ್ಯಾಸಗಳಲ್ಲಿ ಈ ವಾದಕ್ಕೆ ನಾಯಿಯ ಬೊಗಳುವಿಕೆಯನ್ನು ಹೋಲುವ ‘ಬೌ-ವೌ’ ವಾದವೆಂದು ಹೆಸರಿಟ್ಟು ಪರಿಹಾಸ ಮಾಡಿದನು. ಭಾಷೆಯ ಎಲ್ಲ ಮಾತುಗಳನ್ನೂ ಈ ಒಂದೇ ಮೂಲಕ್ಕೆ ಸೇರಿಸಲಾಗದೆಂಬುದು ನಿಜ. ಅಲ್ಲದೆ ಅನುಕರಣದಿಂದ ಹುಟ್ಟಿದ ಮಾತು ಕಾಲಕ್ರಮದಲ್ಲಿ ತನ್ನ ಹುಟ್ಟನ್ನು ಮರೆಯುವುದೂ ಉಂಟು. ಲ್ಯಾಟಿನ್ ಭಾಷೆಯಲ್ಲಿ ಮರಿಹಕ್ಕಿಯ ‘ಪೀ ಪೀ’ ದನಿಯಿಂದ ಹುಟ್ಟಿದ ‘ಪಿಪಿಯೊ’ ಎಂಬ ಹೆಸರು ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಸಾಗಿ, ‘ಪಿಜನ್’ ಎಂದಾಗಿದೆ. ಇಂದು ಆ ಮಾತಿನಲ್ಲಿ ಪಾರಿವಾಳದ ದನಿಯನ್ನು ಯಾರೂ ಕೇಳಲಾರರು.

ಭಾರತದ ಭಾಷೆಗಳಲ್ಲಿ ಈ ವರ್ಗದ ಶಬ್ದಗಳು ವಿಶೇಷವಾಗಿ ಸಮೃದ್ಧವಾಗಿವೆ. ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸರಾದ ಎಂ. ಬಿ. ಎಮೆನೋ ಅವರು 1969ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಮೂಲ ಬೇರೆ ಬೇರೆಯಾದರೂ ಈ ನಾಡಿನ ಭಾಷೆಗಳು ಅನುಕರಣ ಶಬ್ದಗಳ ಸಂಪತ್ತನ್ನು ಹಂಚಿಕೊಂಡಿರುವುದನ್ನು ತೋರಿಸಿದರು. ಕನ್ನಡದಲ್ಲಂತೂ ಇವು ಸದ್ದಿನ ಎಲ್ಲೆಯನ್ನು ದಾಟಿವೆ. ಹೂವು ‘ಘಮಘಮ’ ಎನ್ನುತ್ತದೆ. ಬೆಳಗಿದ ಪಾತ್ರೆ ‘ಥಳಥಳ’ ಎನ್ನುತ್ತದೆ. ಗಾಯ ‘ಚುರುಚುರು’ ಎನ್ನುತ್ತದೆ. ಸುವಾಸನೆಗೆ, ಹೊಳಪಿಗೆ, ನೋವಿಗೆ ಸದ್ದು ಎಲ್ಲಿಯದು? ಮೂಗು, ಕಣ್ಣು, ಚರ್ಮಗಳ ಅನುಭವಕ್ಕೂ ಕನ್ನಡವು ದನಿಯನ್ನು ಕೊಟ್ಟಿದೆ. ಅಚ್ಚಗನ್ನಡ ಮಾತುಗಳಲ್ಲಿ ವಿರಳವಾದ ಮಹಾಪ್ರಾಣಾಕ್ಷರಗಳು ಇಂಥ ಶಬ್ದಗಳಲ್ಲಿ ಧಾರಾಳವಾಗಿ ಕಾಣುವುದೂ ಗಮನಿಸತಕ್ಕ ಸಂಗತಿ.

ಇಷ್ಟಾದರೂ ಇವು ಹಳ್ಳಿಗರ ಮಾತು, ಮಕ್ಕಳ ಮಾತು ಎಂಬ ತಾತ್ಸಾರ ವಿದ್ಯಾವಂತರಲ್ಲಿ ಇಲ್ಲದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕರಿಮಣ್ಣಿನ ಸೀಮೆಯಲ್ಲಿ ಈ ಶಬ್ದಗಳು ಮಾಡುವ ಕೆಲಸವನ್ನು ಕಂಡರೆ ಆ ತಾತ್ಸಾರ ನಿಲ್ಲಲಾರದು. ಚಕ್ಕಡಿ ಹೊಡೆಯುವ ಮುದುಕನು, “ತಮ್ಮಾ, ಗಾಲಿ ಕಿರ್ ಅನ್ಲಾಕತ್ತದ, ಕೀಲೆಣ್ಣಿ ಹಾಕು” ಎಂದರೆ, ಆ ‘ಕಿರ್’ ಎಂಬ ಒಂದೇ ದನಿಯಲ್ಲಿ ಅಚ್ಚು ಒಣಗಿದೆ, ಬಿಟ್ಟರೆ ಸವೆಯುತ್ತದೆ ಎಂಬ ತಿಳಿವಳಿಕೆ ಅಡಗಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾಳೆ. ‘ಕಣ್’ ಎಂದರೆ ಚೆನ್ನಾಗಿ ಬೆಂದದ್ದು; ‘ಬದ್’ ಎಂದರೆ ಎಲ್ಲಿಯೋ ಬಿರುಕಿದೆ. ತಟ್ಟಿ ಕೇಳುವ ಈ ವಿದ್ಯೆಯನ್ನೇ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗ್ಗರನು ರೋಗಿಯ ಎದೆಗೆ ಅನ್ವಯಿಸಿ, 1761ರಲ್ಲಿ ಅದರ ಕುರಿತು ಗ್ರಂಥ ಬರೆದನು. ಇಂದಿಗೂ ವೈದ್ಯರು ಎದೆಯನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುತ್ತಾರೆ.

ಇನ್ನೊಂದು ನಿದರ್ಶನ ಇದಕ್ಕಿಂತಲೂ ಹತ್ತಿರದ್ದು. ಜ್ವರದಿಂದ ಬಳಲುವ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಬಂದ ತಾಯಿಗೆ ರೋಗದ ಹೆಸರು ತಿಳಿದಿರುವುದಿಲ್ಲ. ಆದರೆ ರಾತ್ರಿಯೆಲ್ಲ ಕೂಸಿನ ಎದೆ ‘ಗೊರಗೊರ’ ಎನ್ನುತ್ತಿತ್ತೋ, ಉಸಿರು ‘ಸುಯ್’ ಎಂದು ಸಿಳ್ಳು ಹಾಕುತ್ತಿತ್ತೋ ಎಂಬುದು ಆಕೆಗೆ ಗೊತ್ತು. ಕಫ ಕಟ್ಟಿದ ಎದೆಯ ಸದ್ದು ಬೇರೆ, ಉಬ್ಬಸದ ಸದ್ದು ಬೇರೆ. ವೈದ್ಯರು ಎದೆಗೆ ನಳಿಕೆ ಹಚ್ಚುವ ಮೊದಲೇ ತಾಯಿಯ ಆ ಒಂದು ಮಾತು ಅವರಿಗೆ ದಾರಿ ತೋರಿಸಬಲ್ಲದು. ಅದನ್ನು ಹಳ್ಳಿಯ ಮಾತೆಂದು ಅಲಕ್ಷಿಸಿದರೆ ನಷ್ಟ ವ್ಯಾಕರಣಕ್ಕಲ್ಲ, ಕೂಸಿಗೆ.

ಕಾಲ ಬದಲಾದಂತೆ ಸದ್ದುಗಳೂ ಬದಲಾಗುತ್ತವೆ. ಎತ್ತಿನ ಕಪಿಲೆ ಹೋಗಿ ಪಂಪು ಬಂದಿದೆ. ಬೀಸುವ ಕಲ್ಲಿನ ‘ಗರಗರ’ದ ಬದಲು ಗಿರಣಿಯ ಸದ್ದು ಕೇಳುತ್ತದೆ. ಭಾಷೆಯು ಹಳೆಯದಕ್ಕೆ ಅಳುತ್ತ ಕೂಡುವುದಿಲ್ಲ. ಮೋಟಾರು ಸೈಕಲ್ಲು ಬಂದೊಡನೆ ಉತ್ತರ ಕರ್ನಾಟಕದ ಜನ ಅದರ ಸದ್ದನ್ನೇ ಹಿಡಿದು ‘ಫಟಫಟಿ’ ಎಂದು ಕರೆದರು. ಆದರೆ ಹಳೆಯ ಸದ್ದಿನೊಡನೆ ಹಳೆಯ ಮಾತೂ ದಾಖಲೆಯಿಲ್ಲದೆ ಅಳಿದರೆ, ಅದರೊಡನೆ ಒಂದು ತಲೆಮಾರಿನ ಅನುಭವವೂ ಅಳಿಯುತ್ತದೆ.

ಈ ಅಪಾಯವನ್ನು ಅರಿತವರು ಕನ್ನಡದಲ್ಲಿ ಇದ್ದರು. ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯದ ಮಾತುಗಳ ಜೊತೆಗೆ ಅನುಕರಣ ಶಬ್ದಗಳಿಗೂ ಸ್ಥಾನ ಕೊಟ್ಟರು. ಆಗ ಇಂಡಿ ತಾಲೂಕಿಗೆ ಸೇರಿದ್ದು ಈಗ ಚಡಚಣ ತಾಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಅವರ ಶ್ರಮದ ಫಲ. ಓದುಬರಹವಿಲ್ಲದವರ ನುಡಿಯೂ ಗ್ರಂಥಕ್ಕೆ ಯೋಗ್ಯವೆಂಬುದನ್ನು ಅವರು ಕೃತಿಯಿಂದ ತೋರಿಸಿಕೊಟ್ಟರು.

ಆ ಕಾರ್ಯ ಮುಗಿದಿಲ್ಲ. ರೊಟ್ಟಿ ಬಡಿಯುವ ಕೈ, ರಾಶಿ ಮಾಡುವ ಕಣ, ನೇಗಿಲು ಹೂಡಿದ ಹೊಲ ಇವುಗಳ ಬಳಿ ಇನ್ನೂ ಯಾವ ನಿಘಂಟಿಗೂ ಸೇರದ ಮಾತುಗಳು ಇರಬಲ್ಲವು. ಅವುಗಳನ್ನು ಬಲ್ಲ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರು ಆಡುವುದನ್ನು ನಗದೆ ಕೇಳುವ ಕಿವಿ, ಕೇಳಿದುದನ್ನು ಕೆಡಿಸದೆ ಬರೆಯುವ ಕೈ ಇಷ್ಟಿದ್ದರೆ, ಶಾಲೆಯ ವಿದ್ಯಾರ್ಥಿಯೂ ತನ್ನ ಭಾಷೆಗೆ ಸೇವೆ ಸಲ್ಲಿಸಬಲ್ಲನು.

ಅಭ್ಯಾಸ

1. ಅನುಕರಣ ಶಬ್ದಕ್ಕೂ ದ್ವಿರುಕ್ತಿಗೂ ಇರುವ ಭೇದವನ್ನು ಉದಾಹರಣೆಗಳೊಡನೆ ವಿವರಿಸಿರಿ.
2. ‘ಅನುಕರಣವೆಂದರೆ ಕುರುಡು ಮಾರ್ದನಿಯಲ್ಲ, ಅದೂ ಒಂದು ಸೃಷ್ಟಿ.’ ಈ ಮಾತನ್ನು ಸಮರ್ಥಿಸಿರಿ.
3. ಸದ್ದು ಅಳಿದ ಮೇಲೂ ಅದರಿಂದ ಹುಟ್ಟಿದ ನುಡಿ ಉಳಿಯಬಲ್ಲದೆಂಬುದಕ್ಕೆ ಪಾಠದಲ್ಲಿ ಬಂದಿರುವ ನಿದರ್ಶನ ಯಾವುದು?
4. ನಿಮ್ಮ ಊರಿನ ಹಿರಿಯರನ್ನು ಕೇಳಿ ಹತ್ತು ಅನುಕರಣ ಶಬ್ದಗಳನ್ನು ಸಂಗ್ರಹಿಸಿ, ಪ್ರತಿಯೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಿರಿ.