ಬಿಲ್ಲು, ಬ್ಯಾಚು, ಎಚ್ಚರ: ಔಷಧ ಕೊಳ್ಳುವವರಿಗೆ ಹನ್ನೊಂದು ಸೂತ್ರಗಳು

ಎಸ್‌ಆರ್-13. ಇದು ‘ಕೋಲ್ಡ್ರಿಫ್’ ಎಂಬ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚ್ ನಂಬರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಈ ಸಿರಪ್ ಕುಡಿದು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ಆ ಬ್ಯಾಚನ್ನು ಪರೀಕ್ಷಿಸಿದಾಗ ಅದರಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅದಕ್ಕಿರುವ ಮಿತಿ ಶೇ 0.1. ಸುದ್ದಿ ಹೊರಬಿದ್ದ ದಿನ, ಅದೇ ಸಿರಪ್ ಮನೆಯಲ್ಲಿಟ್ಟುಕೊಂಡಿದ್ದ ಪ್ರತಿಯೊಬ್ಬ ತಾಯಿ ಮೊದಲು ನೋಡಬೇಕಾಗಿದ್ದದ್ದು ಬಾಟಲಿಯ ಮೇಲಿನ ಆ ನಂಬರನ್ನು.

ಔಷಧದ ಗುಣಮಟ್ಟ ಕಾಯಬೇಕಾದ್ದು ಸರ್ಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರೀಕ್ಷೆ, ನಿಷೇಧ, ವಾಪಸಾತಿ, ಮೊಕದ್ದಮೆ ಎಲ್ಲವೂ ನಡೆಯುವುದು ಬ್ಯಾಚ್ ಲೆಕ್ಕದಲ್ಲಿ. ಆ ನಂಬರು ನಿಮ್ಮ ಕೈಯಲ್ಲಿಲ್ಲದಿದ್ದರೆ ಎಂಥ ಕಾನೂನಿದ್ದೂ ನಿಮ್ಮ ಉಪಯೋಗಕ್ಕೆ ಬಾರದು. ಆದ್ದರಿಂದ ಇವಿಷ್ಟನ್ನು ರೂಢಿ ಮಾಡಿಕೊಳ್ಳಿ.

1. ಬಿಲ್ ಇಲ್ಲದೆ ಮಾತ್ರೆ ಕೊಳ್ಳಬೇಡಿ

‘ಬಿಲ್ ಬೇಡ ಅಂದ್ರೆ ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀನಿ’ ಎನ್ನುವ ಅಂಗಡಿಗೆ ಮತ್ತೆ ಹೋಗಬೇಡಿ. ಸರಿಯಾದ ಬಿಲ್ಲಿನಲ್ಲಿ ಅಂಗಡಿಯ ಲೈಸೆನ್ಸ್ ನಂಬರು, ಔಷಧದ ಹೆಸರು, ತಯಾರಕರು, ಬ್ಯಾಚ್ ಮತ್ತು ಎಕ್ಸ್‌ಪೈರಿ ಇರುತ್ತವೆ. ಅಂಗಡಿಯಲ್ಲೇ ನಿಂತು ಬಿಲ್ಲಿನ ಬ್ಯಾಚನ್ನು ಪೆಟ್ಟಿಗೆಯ ಮೇಲಿನದರ ಜೊತೆ ತಾಳೆ ನೋಡಿ. ಅರ್ಧ ನಿಮಿಷ ಸಾಕು. ಔಷಧ ಮುಗಿಯುವವರೆಗೆ, ಆಮೇಲೂ ಒಂದೆರಡು ತಿಂಗಳು ಬಿಲ್ ಜೋಪಾನವಾಗಿರಲಿ.

2. ಸ್ಟ್ರಿಪ್ಪಿನ ನಂಬರಿರುವ ತುದಿಯನ್ನು ಕೊನೆಗೆ ಉಳಿಸಿ

ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ನಾಲ್ಕೇ ಮಾತ್ರೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ನಮ್ಮ ದೇಶದಲ್ಲಿ ಕೋಟ್ಯಂತರ ಜನ ಹಾಗೆಯೇ ಕೊಳ್ಳುತ್ತಾರೆ. ತೊಂದರೆ ಇರುವುದು ಕತ್ತರಿಯಲ್ಲಿ. ಬಹಳಷ್ಟು ಸ್ಟ್ರಿಪ್‌ಗಳಲ್ಲಿ ಬ್ಯಾಚು ಮತ್ತು ಎಕ್ಸ್‌ಪೈರಿ ಒಂದೇ ತುದಿಯಲ್ಲಿ ಅಚ್ಚಾಗಿರುತ್ತವೆ. ನಿಮಗೆ ಇನ್ನೊಂದು ತುದಿಯ ತುಂಡು ಬಂದರೆ ಅದು ಯಾವ ಮಾತ್ರೆ, ಯಾವಾಗಿನದು ಎಂಬುದಕ್ಕೆ ಗುರುತೇ ಇರುವುದಿಲ್ಲ. ಪೂರ್ತಿ ಸ್ಟ್ರಿಪ್ ತೋರಿಸಲು ಹೇಳಿ, ಕತ್ತರಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮನೆಯಲ್ಲೂ ಅಷ್ಟೆ: ನಂಬರಿಲ್ಲದ ಕಡೆಯಿಂದ ಮಾತ್ರೆ ಬಿಡಿಸುತ್ತ ಬಂದರೆ ಕೊನೆಯ ಮಾತ್ರೆಯವರೆಗೂ ನಂಬರು ಉಳಿಯುತ್ತದೆ. ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರೆ ಏನು ಕೊಟ್ಟಿರಿ ಎಂದು ಕೇಳಿ, ಹೆಸರು ಬರೆಸಿಕೊಳ್ಳಿ.

3. ಅದು ಔಷಧವೋ ಆಹಾರವೋ ಮೊದಲು ತಿಳಿಯಿರಿ

ಔಷಧವಾದರೆ ಲೇಬಲ್ ಮೇಲೆ ತಯಾರಿಕಾ ಲೈಸೆನ್ಸ್ ನಂಬರು ಇರುತ್ತದೆ. 14 ಅಂಕಿಗಳ ಎಫ್‌ಎಸ್‌ಎಸ್‌ಎಐ ನಂಬರು ಇದ್ದರೆ ಅದು ಆಹಾರ. ಪ್ರೋಟೀನ್ ಪುಡಿ, ಮಲ್ಟಿವಿಟಮಿನ್, ಮಂಡಿನೋವಿಗೆಂದು ಮಾರುವ ಹಲವು ಮಾತ್ರೆಗಳು ಈ ಎರಡನೆಯ ಗುಂಪಿನವು. ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಕುಳಿತ ಮಾತ್ರಕ್ಕೆ ಆಹಾರ ಔಷಧವಾಗುವುದಿಲ್ಲ, ರೋಗ ಗುಣಪಡಿಸುತ್ತೇನೆಂದು ಹೇಳಿಕೊಳ್ಳುವ ಹಕ್ಕೂ ಅದಕ್ಕಿಲ್ಲ.

ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಹಾಕಬೇಕೆಂಬ ನಿಯಮ 2023ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಸ್ಕ್ಯಾನ್ ಮಾಡಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚು, ಎಕ್ಸ್‌ಪೈರಿ ಬರಬೇಕು. ಕೋಡನ್ನೂ ನಕಲು ಮಾಡಬಹುದು, ಹಾಗಾಗಿ ಪರದೆಯ ಮೇಲೆ ಬಂದ ಬ್ಯಾಚು ಕೈಯಲ್ಲಿರುವ ಸ್ಟ್ರಿಪ್ಪಿನದೇ ಹೌದೇ ಎಂದು ನೋಡದೆ ಬಿಡಬೇಡಿ. ಎಕ್ಸ್‌ಪೈರಿಯಲ್ಲಿ ತಿಂಗಳಷ್ಟೇ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು.

4. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ

ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ಷೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಪ್ರಬಲ ಆ್ಯಂಟಿಬಯೊಟಿಕ್‌ಗಳು, ಕ್ಷಯರೋಗದ ಔಷಧಗಳು ಮತ್ತು ಕೆಲವು ನಿದ್ರೆಮಾತ್ರೆಗಳಿಗೆ ಅಂಗಡಿಯವರು ಬೇರೆ ರಿಜಿಸ್ಟರ್ ಇಟ್ಟು, ವೈದ್ಯರ ಮತ್ತು ರೋಗಿಯ ಹೆಸರು ಬರೆದು ಮೂರು ವರ್ಷ ಕಾಪಾಡಬೇಕು. ಇಷ್ಟು ಶಿಸ್ತಿರುವ ಅಂಗಡಿ ಔಷಧವನ್ನು ಎಲ್ಲಿಂದ ತರಿಸುತ್ತದೆ ಎಂಬುದರಲ್ಲೂ ಶಿಸ್ತಿರುವ ಸಾಧ್ಯತೆ ಹೆಚ್ಚು. ಗೋಡೆಯ ಮೇಲೆ ಲೈಸೆನ್ಸ್ ತೂಗುಹಾಕಿದ್ದಾರೆಯೇ, ಫಾರ್ಮಸಿಸ್ಟ್ ನಿಜಕ್ಕೂ ಅಂಗಡಿಯಲ್ಲಿದ್ದಾರೆಯೇ ಎಂದು ಒಮ್ಮೆ ಗಮನಿಸಿ. ಒಳ್ಳೆಯ ಅಂಗಡಿ ಸಿಕ್ಕರೆ ಅಲ್ಲಿಗೇ ಹೋಗುತ್ತಿರಿ.

5. ಚಿಕ್ಕ ಮಕ್ಕಳಿಗೆ ಕೆಮ್ಮಿನ ಸಿರಪ್ಪನ್ನು ನೀವಾಗಿ ಕೊಡಲೇಬೇಡಿ

ಈ ಸೂತ್ರವೊಂದನ್ನು ನೆನಪಿಟ್ಟುಕೊಂಡು ಉಳಿದವನ್ನು ಮರೆತರೂ ಸರಿಯೇ.

ಸಿರಪ್ಪುಗಳಲ್ಲಿ ಔಷಧ ಕರಗಿಸಲು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾರ್ಬಿಟಾಲ್‌ನಂಥ ದ್ರವಗಳನ್ನು ಬಳಸುತ್ತಾರೆ. ಔಷಧಕ್ಕೆ ಯೋಗ್ಯವಾದ ದರ್ಜೆಯದು ದುಬಾರಿ. ಕೈಗಾರಿಕೆಗೆ ಬಳಸುವ ಅಗ್ಗದ ದರ್ಜೆಯದು ಬಂದುಬಿಟ್ಟರೆ ಅದರ ಜೊತೆ ಡೈಎಥಿಲೀನ್ ಗ್ಲೈಕಾಲ್ ಎಂಬ ಅದೇ ವಿಷವೂ ಸೇರಿರಬಹುದು. ಅದಕ್ಕೂ ಬಣ್ಣವಿಲ್ಲ, ರುಚಿ ಸಿಹಿ. ಮಗು ಮುಖ ಸಿಂಡರಿಸದೆ ಕುಡಿಯುತ್ತದೆ. ತಯಾರಕರು ಪ್ರತಿ ಡ್ರಮ್ಮನ್ನೂ ಪರೀಕ್ಷಿಸಿದರೆ ಇದನ್ನು ಪತ್ತೆ ಮಾಡಬಹುದು. ಪರೀಕ್ಷಿಸದೆ ಬಿಟ್ಟಾಗ ಅದು ಮೂತ್ರಪಿಂಡವನ್ನು ಕೊಲ್ಲುತ್ತದೆ.

ಜಗತ್ತಿಗೆ ಇದು ಗೊತ್ತಾಗಿ ತೊಂಬತ್ತು ವರ್ಷ ಆಗುತ್ತ ಬಂತು. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ಇದೇ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮಾರುವ ಮೊದಲು ಔಷಧ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಮರುವರ್ಷವೇ ಬಂತು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿತು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳ ವಿರುದ್ಧ ಎಚ್ಚರಿಕೆ ಹೊರಡಿಸಿತು. ಆಮೇಲೆ ಛಿಂದ್ವಾಡಾ. ಗೊತ್ತಿದ್ದೂ ಮತ್ತೆ ಮತ್ತೆ ನಡೆಯುವುದನ್ನು ಆಕಸ್ಮಿಕ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೆಚ್ಚಿನ ಮಕ್ಕಳ ಕೆಮ್ಮು-ಶೀತ ತಾನಾಗಿಯೇ ವಾಸಿಯಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಬರೆಯಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಲ್ಲದೆಂದು ಲೇಬಲ್ ಮೇಲೆ ಬರೆಯುವಂತೆ 2023ರಲ್ಲೇ ಹೇಳಲಾಗಿತ್ತು. ದೊಡ್ಡ ಮಗುವಿಗೆ ತಂದ ಬಾಟಲಿಯಿಂದ ಚಿಕ್ಕದಕ್ಕೆ ಅರ್ಧ ಚಮಚ ಕೊಡುವ ಅಭ್ಯಾಸ ಇವತ್ತೇ ನಿಲ್ಲಲಿ. ಯಾವುದೇ ಸಿರಪ್ ಕುಡಿದ ಮಗು ವಾಂತಿ ಮಾಡುತ್ತ, ಮಂಕಾಗಿ, ಮೂತ್ರ ಮಾಡುವುದು ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಬಾಟಲಿಯ ಸಮೇತ ದೊಡ್ಡ ಆಸ್ಪತ್ರೆಗೆ ಹೊರಡಿ.

6. ಡ್ರಿಪ್ ಹಾಕುವಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಲು ಕೇಳಿ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಹೋದದ್ದು ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಅದನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚ್‌ಗಳು ಗುಣಮಟ್ಟದ್ದಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯದಿಂದ ಸರಿಯಿದೆ ಎಂಬ ವರದಿಯೂ ಬಂದಿತ್ತು. ಸಾವುಗಳಾದ ಮೇಲೆ ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಎರಡು ವರದಿಗಳು ಎರಡು ಮಾತಾಡುತ್ತಿರುವಾಗ ಅನುಮಾನದ ಬಾಟಲಿ ಉಗ್ರಾಣದಲ್ಲಿ ಬೀಗದೊಳಗೆ ಇರಬೇಕಿತ್ತು. ತಾಯಂದಿರ ರಕ್ತನಾಳದಲ್ಲಿ ಅಂತಿಮ ತೀರ್ಪು ಹುಡುಕುವುದು ಯಾವ ನಿಯಮದಲ್ಲೂ ನ್ಯಾಯವಲ್ಲ.

ರೋಗಿಯ ಕಡೆಯವರು ದ್ರಾವಣ ಪರೀಕ್ಷಿಸಲಾರರು, ಆದರೆ ಕಣ್ಣಿಗೆ ಕಾಣುವುದನ್ನು ಕೇಳಬಹುದು. ದ್ರಾವಣ ಕದಡಿದೆಯೇ? ಕಣಗಳು ತೇಲುತ್ತಿವೆಯೇ? ಬಾಟಲಿ ಸೋರುತ್ತಿದೆಯೇ? ಇವುಗಳಲ್ಲಿ ಒಂದು ಹೌದಾದರೂ ಬದಲಿಸಲು ಹೇಳಿ. ನೋಡಲು ತಿಳಿಯಾಗಿದ್ದರೂ ಒಳಗೆ ದೋಷವಿರಬಹುದಾದ್ದರಿಂದ ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯಲು ವಿನಯದಿಂದಲೇ ವಿನಂತಿಸಿ, ನೀವೂ ಫೋಟೊ ತೆಗೆದಿಡಿ. ಡ್ರಿಪ್ ಶುರುವಾದೊಡನೆ ನಡುಕ, ಚಳಿ, ಉಸಿರುಕಟ್ಟು ಕಂಡರೆ ತಕ್ಷಣ ನರ್ಸ್ ಅವರನ್ನು ಕರೆಯಿರಿ.

7. ಅಗ್ಗವಾದದ್ದೆಲ್ಲ ಕಳಪೆ ಎಂದು ತೀರ್ಮಾನಿಸಬೇಡಿ

ಜನೌಷಧಿ ಕೇಂದ್ರಗಳಿಗೆ ಬರುವ ಔಷಧದ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕಳಿಸಬೇಕೆಂಬ ವ್ಯವಸ್ಥೆಯಿದೆ. ಅತ್ತ, ಗುಣಮಟ್ಟವಿಲ್ಲದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ ಮನೆಮಾತಾದ ಬ್ರ್ಯಾಂಡ್‌ಗಳ ಹೆಸರಿನ ಬ್ಯಾಚ್‌ಗಳೂ ಬಂದಿವೆ. ಅವುಗಳಲ್ಲಿ ಕೆಲವು ನಮ್ಮವಲ್ಲ, ನಮ್ಮ ಹೆಸರಿನ ನಕಲಿ ಎಂದು ಕಂಪನಿಗಳು ಹೇಳಿವೆ. ದುಬಾರಿ ಹೆಸರಿಗೇ ನಕಲಿ ಹುಟ್ಟುವುದು ಹೆಚ್ಚು, ಏಕೆಂದರೆ ಲಾಭ ಅಲ್ಲಿದೆ.

8. ತಿಂಗಳಿಗೊಮ್ಮೆ ಸರ್ಕಾರಿ ಪಟ್ಟಿ ನೋಡಿ, ಆದರೆ ಗಾಬರಿಯಿಂದ ಮಾತ್ರೆ ನಿಲ್ಲಿಸಬೇಡಿ

ಸಿಡಿಎಸ್‌ಸಿಒ, ಅಂದರೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ಪರೀಕ್ಷೆಯಲ್ಲಿ ಸೋತ ಔಷಧಗಳ ಹೆಸರನ್ನು ಬ್ಯಾಚ್ ಸಮೇತ ತಿಂಗಳು ತಿಂಗಳು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಮನೆಯಲ್ಲಿ ನಿತ್ಯ ಔಷಧ ತೆಗೆದುಕೊಳ್ಳುವ ಹಿರಿಯರಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಪಟ್ಟಿಯಲ್ಲಿ ಹೆಸರು ಬಂದರೆ ಸೋತಿರುವುದು ಆ ಒಂದು ಬ್ಯಾಚ್ ಮಾತ್ರ. ಮಾತ್ರೆ ಹೊಟ್ಟೆಯಲ್ಲಿ ಸರಿಯಾಗಿ ಕರಗದಿರುವುದರಿಂದ ಹಿಡಿದು ಒಳಗೆ ಔಷಧವೇ ಇಲ್ಲದಿರುವವರೆಗೆ ಕಾರಣ ಯಾವುದಾದರೂ ಇರಬಹುದು. ಬಿಪಿ, ಶುಗರ್, ಫಿಟ್ಸ್, ಹೃದಯದ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯ. ಬೇರೆ ಬ್ಯಾಚಿನದನ್ನು ತನ್ನಿ, ವೈದ್ಯರಿಗೆ ತಿಳಿಸಿ, ಚಿಕಿತ್ಸೆ ಮುಂದುವರಿಸಿ.

9. ಒಳ್ಳೆಯ ಔಷಧವನ್ನು ಮನೆಯಲ್ಲಿ ಕೆಡಿಸಬೇಡಿ

ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಹಳಷ್ಟು ಪೆಟ್ಟಿಗೆಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗಿಡಿ ಎಂದು ಬರೆದಿರುತ್ತದೆ. ಒಲೆಯ ಮೇಲಿನ ಶೆಲ್ಫ್, ಫ್ರಿಜ್ಜಿನ ತಲೆ, ಬಿಸಿಲಲ್ಲಿ ನಿಂತ ಕಾರು ಔಷಧದ ಜಾಗವಲ್ಲ. ತೆರೆಯದ ಇನ್ಸುಲಿನ್ ಫ್ರಿಜ್ಜಿನೊಳಗೆ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿಗೆ ಮಾತ್ರ ಹೋಗಕೂಡದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಮಕ್ಕಳ ಡ್ರೈ ಸಿರಪ್ಪಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಹಲವು ಆ್ಯಂಟಿಬಯೊಟಿಕ್‌ಗಳು ಬೆರೆಸಿದ ಮೇಲೆ ಬಾಳುವುದು ಏಳೇ ದಿನ. ಕಣ್ಣಿನ ಹನಿಗಳಿಗೆ ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳು.

10. ‘ಬೇರುಸಹಿತ ಗುಣ’ ಎಂದರೆ ಅಲ್ಲಿಂದ ಎದ್ದುಬನ್ನಿ

ಮಧುಮೇಹ, ಕ್ಯಾನ್ಸರ್‌ನಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

11. ಅನುಮಾನ ಬಂದರೆ ಎಸೆಯಬೇಡಿ, ದೂರು ಕೊಡಿ

ಜನ ಸಾಮಾನ್ಯವಾಗಿ ಸಿಟ್ಟಿನಲ್ಲಿ ಔಷಧವನ್ನು ತಿಪ್ಪೆಗೆ ಎಸೆಯುತ್ತಾರೆ. ಹಾಗೆ ಸಾಕ್ಷ್ಯವೂ ಹೋಗುತ್ತದೆ. ಉಳಿದ ಮಾತ್ರೆ, ಬಾಟಲಿ, ಪೆಟ್ಟಿಗೆ, ಬಿಲ್ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಡಿ.

ಔಷಧದಿಂದ ದೇಹಕ್ಕೆ ತೊಂದರೆಯಾಗಿದ್ದರೆ ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕೆಲಸದ ದಿನಗಳಲ್ಲಿ ಕರೆ ಮಾಡಿ. ವೈದ್ಯರೇ ಹೇಳಬೇಕೆಂದಿಲ್ಲ, ರೋಗಿಯೂ ವರದಿ ಮಾಡಬಹುದು. ಬಿಲ್ ಕೊಡದಿರುವುದು, ಎಂಆರ್‌ಪಿ ಮೀರಿ ವಸೂಲಿ ಮಾಡುವುದು ಇಂಥವಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಕಲಿ ಅಥವಾ ಕಳಪೆ ಎಂಬ ಶಂಕೆಯಿದ್ದರೆ ನಿಮ್ಮ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಲಬೆರಕೆ ಅಥವಾ ನಕಲಿ ಔಷಧದಿಂದ ಸಾವು ಸಂಭವಿಸಿದರೆ ತಪ್ಪಿತಸ್ಥರಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಜೀವಾವಧಿಯವರೆಗೂ ಶಿಕ್ಷೆ ಎಂದು ಕಾನೂನು ಹೇಳುತ್ತದೆ.

ಇನ್ನೂ ಒಂದು ದಾರಿಯಿದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಔಷಧ ಕೊಂಡ ಯಾವುದೇ ವ್ಯಕ್ತಿ ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಗೆ ಪರೀಕ್ಷೆಗೆ ಕೊಡಬಹುದು. ಅರ್ಜಿ ನಮೂನೆ 14-ಎ, ವರದಿ ಬರುವುದು ನಮೂನೆ 14-ಬಿಯಲ್ಲಿ. ಕರ್ನಾಟಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿ ಸರ್ಕಾರದ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಅದೇ ಕಾಯ್ದೆಯ 32ನೇ ಸೆಕ್ಷನ್ ನೊಂದ ವ್ಯಕ್ತಿಗೂ ಮಾನ್ಯತೆ ಪಡೆದ ಗ್ರಾಹಕ ಸಂಘಕ್ಕೂ ನೇರವಾಗಿ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡುವ ಅಧಿಕಾರ ಕೊಟ್ಟಿದೆ. ಈ ಎರಡು ಹಕ್ಕುಗಳು ಪುಸ್ತಕದಲ್ಲೇ ಉಳಿದುಬಿಟ್ಟಿವೆ. ನಿಮ್ಮೂರಿನ ಮಹಿಳಾ ಸಂಘ, ಗ್ರಾಹಕ ವೇದಿಕೆ, ಹಿರಿಯ ನಾಗರಿಕರ ಬಳಗ ಒಟ್ಟಾಗಿ ಶುಲ್ಕ ಹಂಚಿಕೊಂಡು ಒಂದಾದರೂ ಔಷಧವನ್ನು ಪರೀಕ್ಷೆಗೆ ಕಳಿಸಿ ನೋಡಿ.