ಬಾಡಿಗೆಯಲ್ಲಿ ಮನೆಯ ಪಾಲು

2019ರ ಆಗಸ್ಟ್. ನಮ್ಮ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯವರೊಬ್ಬರು ಪೀಣ್ಯ ಎರಡನೇ ಹಂತದ ವರ್ಕ್‌ಶಾಪಿನಲ್ಲಿ ಟರ್ನರ್. ಅವತ್ತು ನೈಟ್ ಶಿಫ್ಟ್ ಮುಗಿಸಿ ಬಂದವರು ಮಲಗಲೂ ಹೋಗದೆ ನಮ್ಮ ಬಾಗಿಲು ತಟ್ಟಿದರು. "ಅಕ್ಕಾರ, ಅಡಗಿಮನಿ ಗ್ವಾಡಿ ಬೆವರಾಕತ್ತೈತ್ರಿ. ಒಂಚೂರು ಬಂದು ನೋಡ್ರಿ."

ಹೋಗಿ ನೋಡಿದರೆ ಛಾವಣಿಯಿಂದ ಸೊಂಟದೆತ್ತರದವರೆಗೆ ಒದ್ದೆ. ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು, ದೇವರ ಕ್ಯಾಲೆಂಡರಿನ ಅಂಚು ಗೋಡೆಗೆ ಅಂಟಿಕೊಂಡಿತ್ತು. ನಾನು ಪ್ಲಂಬರಿಗೆ ಫೋನ್ ಹಚ್ಚುವಷ್ಟರಲ್ಲಿ ಅವರು ಮೇಲಿನ ಮನೆಯ ಬಚ್ಚಲಿಗೆ ಹೋಗಿ, ಜೇಬಿನಿಂದ ಸ್ಪ್ಯಾನರ್ ತೆಗೆದು, ನೆಲದ ಟೈಲ್ಸ್ ಒಂದೊಂದನ್ನೇ ತಟ್ಟುತ್ತ ಬಂದರು. ಟಣ್, ಟಣ್, ಟಣ್, ಡೊಬ್. "ಇಲ್ಲಿ ಪೊಳ್ಳೈತಿ ನೋಡ್ರಿ." ಜಾಲರಿಯ ಸುತ್ತ ನಾಲ್ಕು ಟೈಲ್ಸ್ ಕೆಳಗೆ ಸಿಮೆಂಟೇ ಕೂತಿರಲಿಲ್ಲ. ಮೂರು ವರ್ಷ ಸ್ನಾನದ ನೀರು ಅಲ್ಲಿಂದಲೇ ಇಳಿದಿತ್ತು.

ಬಚ್ಚಲು ಒಡೆದು, ವಾಟರ್‌ಪ್ರೂಫಿಂಗ್ ಮಾಡಿ, ಟೈಲ್ಸ್ ಹಾಕಿ, ಕೆಳಗಿನ ಗೋಡೆ ಕೆತ್ತಿ ಗಾರೆ, ಬಣ್ಣ ಮುಗಿಸಲು ಮೇಸ್ತ್ರಿ 38,000 ರೂಪಾಯಿ ಹೇಳಿದ. ತಿಂಗಳಿಗೆ 30,000 ಬಾಡಿಗೆ ಬರುವ ಕಟ್ಟಡದ ಒಡತಿ ನಾನು. ಕೈಯಲ್ಲಿ 38,000 ಇರಲಿಲ್ಲ. ನಷ್ಟಕ್ಕೆ ಕೂಗಿ ಚೀಟಿ ಎತ್ತಿದೆ.

ನಾಚಿಕೆಯ ಸಂಗತಿಯೆಂದರೆ, ನಾನು ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸಿನಲ್ಲಿ 22 ವರ್ಷ ಕೂತವಳು. ಪ್ರತಿ ಮಾರ್ಚಿನಲ್ಲೂ ಅಲ್ಲಿನ ಲೇತಿಗೆ, ಕಂಪ್ರೆಸರಿಗೆ, ಕೊನೆಗೆ ಕ್ಯಾಂಟೀನಿನ ಫ್ರಿಜ್ಜಿಗೂ ಸವಕಳಿ ಬರೆಯುತ್ತಿದ್ದೆ. ಯಂತ್ರ ಸವೆಯುತ್ತದೆ, ಮನೆ ನಿಂತೇ ಇರುತ್ತದೆ ಎಂದು ಯಾರು ನನಗೆ ಹೇಳಿದ್ದರೋ!

ಕಟ್ಟಡದ ವಿಷಯ ಸ್ವಲ್ಪ ಹೇಳಬೇಕು. ಹೆಗ್ಗನಹಳ್ಳಿಯಲ್ಲಿ 30-40ರ ರೆವಿನ್ಯೂ ಸೈಟು. ಕೆಳಗೆ ನಾವು, ಹಿಂದೆ ಒಂದು ಸಿಂಗಲ್ ರೂಮು. ಮೇಲಿನ ಎರಡು ಮಹಡಿಯಲ್ಲಿ ಎರಡೆರಡು ಮನೆ, 2016ರಲ್ಲಿ ಕಟ್ಟಿಸಿದ್ದು. ಬಿ ಖಾತೆ, ಅಂದರೆ ನಿಯಮಬದ್ಧವಲ್ಲದ ಆಸ್ತಿಯ ಖಾತೆ, ಎಂದ ಕೂಡಲೇ ಬ್ಯಾಂಕಿನವರು ಕಾಗದ ಮಡಚಿ ವಾಪಸ್ ಕೊಟ್ಟರು. ಫೈನಾನ್ಸ್ ಕಂಪನಿಯೊಂದು ಕೊಟ್ಟಿತು: 12 ಲಕ್ಷ, ಶೇ 13 ಬಡ್ಡಿ, ಹತ್ತು ವರ್ಷ, ತಿಂಗಳ ಕಂತು ಸುಮಾರು 17,900. ಪೀಣ್ಯ, ಲಗ್ಗೆರೆ, ಅಂದ್ರಹಳ್ಳಿ ಸುತ್ತ ಎದ್ದ ಮಹಡಿಗಳಲ್ಲಿ ಎಷ್ಟೋ ಹೀಗೇ ಎದ್ದವು. ಬ್ಯಾಂಕ್ ಗೃಹಸಾಲಕ್ಕಿಂತ ಮೂರ್ನಾಲ್ಕು ಪರ್ಸೆಂಟ್ ಹೆಚ್ಚಿನ ಬಡ್ಡಿ ನಮ್ಮ ಖಾತೆಯ ಅಕ್ಷರಕ್ಕೆ ನಾವು ತೆತ್ತ ದಂಡ.

ಚೀಟಿ ಎತ್ತಿದ ರಾತ್ರಿ ಹಳೆಯ ರಿಟರ್ನ್ ಹರವಿಕೊಂಡು ಕೂತೆ. ಮನೆ ಬಾಡಿಗೆಯ ಮೇಲೆ ಆದಾಯ ತೆರಿಗೆ ಹಾಕುವ ಕ್ರಮ ಸರಳ. ವರ್ಷದ ಬಾಡಿಗೆಯಲ್ಲಿ ಆ ವರ್ಷ ನಾವು ಕಟ್ಟಿದ ಕಂದಾಯ ಕಳೆಯಬೇಕು. ಉಳಿದದ್ದರಲ್ಲಿ ಶೇ 30 ಕಣ್ಣುಮುಚ್ಚಿ ಕಳೆಯುತ್ತಾರೆ. ರಸೀದಿ ಕೇಳುವುದಿಲ್ಲ. ನೀವು ಒಂದು ಮೊಳೆ ಹೊಡೆಯದಿದ್ದರೂ 30, ಮನೆಯೆಲ್ಲ ಕಿತ್ತು ಕಟ್ಟಿದರೂ 30. ಆಮೇಲೆ ಕಟ್ಟಿಸಲು ತಂದ ಸಾಲದ ಬಡ್ಡಿ ಕಳೆಯಬಹುದು. ಆ ಸಾಲ ಬ್ಯಾಂಕಿನದೇ ಆಗಬೇಕಿಲ್ಲ. ಭಾವಮೈದುನನ ಹತ್ತಿರ ತಂದಿದ್ದರೂ ಬಡ್ಡಿ ಕೊಟ್ಟಿದ್ದಕ್ಕೆ ದಾಖಲೆ ಇದ್ದರೆ ನಡೆಯುತ್ತದೆ.

ನಾನು ಆ ಶೇ 30ನ್ನು ಸರ್ಕಾರ ಕೊಟ್ಟ ರಿಯಾಯಿತಿ ಅಂದುಕೊಂಡಿದ್ದೆ. ಅವತ್ತು ರಾತ್ರಿ ಅದು ಬಿಲ್ಲಿನ ಹಾಗೆ ಕಾಣಿಸಿತು. ವರ್ಷಕ್ಕೆ ಇಷ್ಟನ್ನು ಮನೆ ತಿನ್ನುತ್ತದಮ್ಮಾ, ತೆಗೆದಿಡು ಎಂದು ಇಲಾಖೆಯೇ ಹೇಳುತ್ತಿದೆ. ನಾನು ಆ ದುಡ್ಡಿನಲ್ಲಿ ಫ್ರಿಜ್ ತಗೊಂಡಿದ್ದೆ.

ಲೆಕ್ಕ ಹೀಗಾಯಿತು. ವರ್ಷದ ಬಾಡಿಗೆ 3,60,000. ಬಾಡಿಗೆ ಭಾಗದ ಕಂದಾಯ 6,000 (ಅದೂ ತಪ್ಪು ಲೆಕ್ಕ, ಮುಂದೆ ಹೇಳುತ್ತೇನೆ). ಉಳಿದ 3,54,000ದಲ್ಲಿ ಶೇ 30 ಅಂದರೆ 1,06,200 ಮನೆಯ ಪಾಲು. ಕಂತು 2,14,800. ಎಲ್ಲ ಕಳೆದು ನನಗೆ ಉಳಿದದ್ದು 33,000, ತಿಂಗಳಿಗೆ 2,750. ಬೀದಿಯವರ ಕಣ್ಣಲ್ಲಿ ನಾನು ಮೂವತ್ತು ಸಾವಿರ ಬಾಡಿಗೆ ತಿನ್ನುವ ಓನರಮ್ಮ!

ಮರುವಾರವೇ ಬೇರೆ ಉಳಿತಾಯ ಖಾತೆ ತೆರೆದೆ. ಬಾಡಿಗೆ ಬಂದ ದಿನವೇ 8,850 ಅಲ್ಲಿಗೆ. ಅದರ ಎಟಿಎಂ ಕಾರ್ಡೇ ತಗೊಳ್ಳಲಿಲ್ಲ. ನಮ್ಮವರು ಅದಕ್ಕೆ ಗೋಡೆ ಖಾತೆ ಅಂತ ಹೆಸರಿಟ್ಟರು.

ಆ ಖಾತೆಗೆ ಎಂಟು ತಿಂಗಳೂ ತುಂಬಿರಲಿಲ್ಲ, ಲಾಕ್‌ಡೌನ್ ಬಂತು. 2020ರ ಮೇ-ಜೂನ್‌ನಲ್ಲಿ ಐದರಲ್ಲಿ ಮೂರು ಮನೆಯವರು ಊರಿಗೆ ಹೊರಟರು. ವರ್ಕ್‌ಶಾಪುಗಳು ಮುಚ್ಚಿದ್ದವು, ಅವರದು ತಪ್ಪಿಲ್ಲ. ಮೂವರೂ ಅಡ್ವಾನ್ಸ್ ಕೇಳಿದರು: ಒಟ್ಟು ಒಂದೂವರೆ ಲಕ್ಷ. ಅವರ ಅಡ್ವಾನ್ಸೆಲ್ಲ ಎರಡನೇ ಮಹಡಿಯ ಮೋಲ್ಡಿನೊಳಗೆ ಕಂಬಿಯಾಗಿ ಕೂತಿತ್ತು. ಗೋಡೆ ಖಾತೆ ಬಳಿದು, ಎರಡು ಬಳೆ ಅಡವಿಟ್ಟು ಕೊಟ್ಟೆ. ಅಡ್ವಾನ್ಸ್ ಬಡ್ಡಿಯಿಲ್ಲದ ಸಾಲ, ಆದರೆ ಯಾವ ದಿನ ಬೇಕಾದರೂ ವಾಪಸ್ ಕೇಳಬಹುದಾದ ಸಾಲ. ಈಗ ಹತ್ತು ತಿಂಗಳ ಬದಲು ನಾಲ್ಕು ತಿಂಗಳದ್ದು ಮಾತ್ರ ಪಡೆದು ಎಫ್‌ಡಿಯಲ್ಲಿಡುತ್ತೇನೆ. ಪಕ್ಕದ ಬೀದಿಯವರು ನಗುತ್ತಾರೆ, ನಗಲಿ.

ಲೀಸ್ ಇನ್ನೂ ಮೋಹಕ. ಒಮ್ಮೆಲೇ ನಾಲ್ಕೈದು ಲಕ್ಷ ಕೈಗೆ ಬರುತ್ತದೆ, ಬಾಡಿಗೆಯೇ ಇಲ್ಲದ ಮೇಲೆ ತೆರಿಗೆಯೂ ಇಲ್ಲವೆಂದು ಬ್ರೋಕರ್ ಹೇಳುತ್ತಾನೆ. ಹಾಗಲ್ಲ. ಆ ಮನೆಗೆ ಸಹಜವಾಗಿ ಎಷ್ಟು ಬಾಡಿಗೆ ಬರಬಹುದಿತ್ತೋ ಅದನ್ನು ಆದಾಯವೆಂದು ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಅಲ್ಲದೆ ಹಳಬರಿಗೆ ವಾಪಸ್ ಕೊಡಲು ಹೊಸಬರ ದುಡ್ಡೇ ಗತಿ. ಹೊಸಬರು ಸಿಗದ ತಿಂಗಳು ಬಂದರೆ ನನ್ನ ಬಳೆಯ ಕಥೆಯೇ.

ಇನ್ನು ಕಂದಾಯ. ಬೆಂಗಳೂರಿನಲ್ಲಿ 2008ರಿಂದ ಚದರಡಿ ದರದ ಸ್ವಯಂ ಘೋಷಣೆ. ವಲಯ, ಚದರಡಿ, ಸ್ವಂತಕ್ಕೋ ಬಾಡಿಗೆಗೋ ಎಂದು ನಾವೇ ಬರೆದು ಕಟ್ಟಬೇಕು. ಶುರುವಿನಲ್ಲಿ ಇ ವಲಯದ ಆರ್‌ಸಿಸಿ ಮನೆಗೆ ಚದರಡಿ ದರ ಸ್ವಂತಕ್ಕೆ 1.20, ಬಾಡಿಗೆಗೆ 2.40. ಬಾಡಿಗೆಗೆ ಕೊಟ್ಟರೆ ನೇರ ಎರಡು ಪಟ್ಟು. ಮಹಡಿ ಎದ್ದ ವರ್ಷ ನಾನು ಸೈಬರ್ ಸೆಂಟರಿನ ಹುಡುಗನ ಕೈಗೆ ಹಳೆಯ ರಸೀದಿ ಕೊಟ್ಟೆ. ಅವನು ಚದರಡಿ ಹೆಚ್ಚಿಸಿದ, ಸ್ವಂತ ಎಂಬುದನ್ನು ಹಾಗೇ ಬಿಟ್ಟ. ನಾನೂ ಓದಲಿಲ್ಲ. ಓದಿದ್ದರೂ ಸುಮ್ಮನಿರುತ್ತಿದ್ದೆನೋ ಏನೋ, ಈಗ ದೊಡ್ಡ ಮಾತು ಯಾಕೆ. ಏಳು ವರ್ಷದ ವ್ಯತ್ಯಾಸಕ್ಕೆ ನೋಟಿಸು ಬಂತು. ಪುಣ್ಯಕ್ಕೆ 2024ರಲ್ಲಿ ಬಡ್ಡಿ ಮನ್ನಾ ಮಾಡಿದ ಒನ್ ಟೈಮ್ ಸೆಟ್ಲ್‌ಮೆಂಟ್ ಇತ್ತು. ನವೆಂಬರ್ 30ರ ಗಡುವಿಗೆ ನಾಲ್ಕು ದಿನ ಇರುವಾಗ ಕಟ್ಟಿದೆ. ಒಂದೇ ಸಮಾಧಾನ: ಹಿಂದಿನ ವರ್ಷಗಳ ಬಾಕಿಯಾದರೂ ಕಂದಾಯವನ್ನು ಕಟ್ಟಿದ ವರ್ಷದ ಬಾಡಿಗೆಯಲ್ಲೇ ಪೂರ್ತಿ ಕಳೆಯಬಹುದು. ದಂಡವನ್ನಲ್ಲ, ತೆರಿಗೆಯನ್ನು ಮಾತ್ರ. 2025ರಿಂದ ಕಸದ ಶುಲ್ಕವೂ ಕಂದಾಯದ ಬಿಲ್ಲಿಗೇ ಸೇರಿದೆ, 600 ಚದರಡಿಯೊಳಗಿನ ಮನೆಗೆ ಆ ವರ್ಷ ತಿಂಗಳಿಗೆ 10 ರೂಪಾಯಿ ಇತ್ತು.

ಕರೆಂಟಿನದು ಬೇರೆ ಕಥೆ. ಐದು ಮನೆಗೂ ಒಂದೇ ಮೀಟರ್ ಇತ್ತು, ನಾನು ಸಬ್‌ಮೀಟರ್ ನೋಡಿ ವಸೂಲಿ ಮಾಡುತ್ತಿದ್ದೆ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಂದಾಗ ಸಬ್‌ಮೀಟರಿಗೆ ಉಚಿತ ಇಲ್ಲ, ಪ್ರತಿ ಮನೆಗೂ ಸ್ವಂತ ಆರ್‌ಆರ್ ನಂಬರ್ ಬೇಕು. ಮೆಟ್ಟಿಲ ಮೇಲೆ ಐದು ಮನೆಯವರೂ ನಿಂತು ಕೇಳಿದರು. ಗೋಡೆ ಖಾತೆಯಿಂದಲೇ ಮೀಟರ್ ಹಾಕಿಸಿದೆ. ಹೊಸ ಮೀಟರಿಗೆ ಹಿಂದಿನ ವರ್ಷದ ಬಳಕೆಯ ದಾಖಲೆ ಇಲ್ಲದ್ದರಿಂದ ಮೊದಲಿಗೆ 58 ಯೂನಿಟ್ಟಿನ ಮಿತಿ. ಅದಕ್ಕೂ ನನ್ನನ್ನೇ ಕೇಳಿದರು!

ಮರುವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಜಿಲ್ಲಾಡಳಿತ ಐದು ಕಿಲೋಮೀಟರೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ದರ ಕಟ್ಟಿತು. ವಾರಕ್ಕೆರಡು ಟ್ಯಾಂಕರ್ ಹಾಕಿಸಿದೆ, ಬಾಡಿಗೆದಾರರ ಹತ್ತಿರ ಅರ್ಧ ಮಾತ್ರ ತಗೊಂಡೆ. ನೀರಿಲ್ಲದ ಮನೆ ಖಾಲಿಯಾದರೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ, ಆ ದುಡ್ಡಿಗೆ ಹತ್ತಾರು ಟ್ಯಾಂಕರ್ ಬರುತ್ತದೆ.

ನನ್ನ ಗೆಳತಿಯ ಮಗ ವೈಟ್‌ಫೀಲ್ಡಿನಲ್ಲಿ ಫ್ಲಾಟ್ ಕೊಂಡು ಬಾಡಿಗೆಗೆ ಕೊಟ್ಟಿದ್ದಾನೆ. ಸಾಲ 60 ಲಕ್ಷ, ಮೊದಲ ವರ್ಷದ ಬಡ್ಡಿಯೇ ಐದು ಲಕ್ಷ, ಬಾಡಿಗೆ ತಿಂಗಳಿಗೆ 28,000. ಹಳೆಯ ತೆರಿಗೆ ಪದ್ಧತಿಯಲ್ಲಿ ಈ ನಷ್ಟದಲ್ಲಿ ಎರಡು ಲಕ್ಷದವರೆಗೆ ಸಂಬಳದಿಂದ ಕಳೆದುಕೊಳ್ಳಬಹುದು, ಮಿಕ್ಕದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅವನು ಹೊಸ ಪದ್ಧತಿಯಲ್ಲಿದ್ದಾನೆ. ಅಲ್ಲಿ ಬಾಡಿಗೆ ಆದಾಯ ಸೊನ್ನೆಯಾಗುವವರೆಗೆ ಮಾತ್ರ ಬಡ್ಡಿ ಕಳೆಯುತ್ತಾರೆ, ಸಂಬಳವನ್ನು ಮುಟ್ಟುವ ಹಾಗಿಲ್ಲ. "ಆಂಟಿ, ಟ್ಯಾಕ್ಸ್ ಉಳಿಯುತ್ತೆ ಅಂತಲೇ ತಗೊಂಡಿದ್ದು" ಅಂದ. ಗೋಡೆ ಖಾತೆ ಇದೆಯೇನಪ್ಪಾ ಅಂತ ಕೇಳಿದೆ. ಹೊಸ ಫ್ಲಾಟು, ಹತ್ತು ವರ್ಷ ಏನೂ ಆಗಲ್ಲ ಅಂದ. ನನ್ನ ಬಚ್ಚಲೂ ಹೊಸದೇ ಆಗಿತ್ತು.

ಕಳೆದ ತಿಂಗಳು ಸಂಪಿನ ಮೋಟರಿನ ಬುಷ್ ಸವೆದು ಕಿರುಗುಟ್ಟಿತು. ನಮ್ಮ ಟರ್ನರ್ ಲಾಕ್‌ಡೌನ್ ಮುಗಿದ ಮೇಲೆ ಅದೇ ಮನೆಗೆ ಹಿಂದಿರುಗಿದ್ದರು. ಹಳೆಯ ಬುಷ್ ಒಯ್ದು ಹಿತ್ತಾಳೆಯಲ್ಲಿ ಹೊಸದು ಕಡೆದು ತಂದರು. ಎಷ್ಟಪ್ಪಾ ಅಂದರೆ ತಲೆಯಾಡಿಸಿದರು. ಬಲವಂತ ಮಾಡಿ 400 ಕೊಟ್ಟೆ. ಗೋಡೆ ಖಾತೆಯ ಪುಸ್ತಕದಲ್ಲಿ ಬರೆಯುವಾಗ ಮೇಲುಗಡೆಯ ಸಾಲು ಕಣ್ಣಿಗೆ ಬಿತ್ತು: ಟೆರೇಸಿನ ಟ್ಯಾಂಕ್, ಎರಡು ಸೀಳು, ಮಳೆಗಾಲಕ್ಕೆ ಮುಂಚೆ.